ಸೊಟ್ಟ ನದಿಯ ಹೆಸರು

ವ್ಯಾಯಾಮ ಚಿಕಿತ್ಸೆಯ ಕೋಣೆಯ ಹೊರಗೆ, ಭುಜನೋವಿನ ಟೈಲರಮ್ಮ ತನ್ನ ಸರದಿಗಾಗಿ ಕಾಯುತ್ತಿದ್ದಳು. ಪಕ್ಕದಲ್ಲಿ ಮಂಡಿ ಆಪರೇಷನ್ ಆಗಿದ್ದ, ಹಿಂದೆ ಬಸ್ ಓಡಿಸುತ್ತಿದ್ದ ತಾತ. ಅವರ ಮೊಮ್ಮಗಳು ಇಂಗ್ಲಿಷ್ ಪಾಠ ಓದುತ್ತಿದ್ದಳು.

"ತಾತ, ಮಿಯಾಂಡರ್ ಅಂದ್ರೇನು ಹೇಳು ನೋಡೋಣ."

"ಹೊಸ ಮಾತ್ರೆನಾ?"

"ಅಲ್ಲ, ಸುತ್ತಿ ಬಳಸಿ ಹೋಗೋದು. ಗ್ರೀಕರ ಕಾಲದಲ್ಲಿ ಮೈಯಾಂಡ್ರೋಸ್ ಅಂತ ಒಂದು ನದಿ ಇತ್ತಂತೆ. ಅದು ನೆಟ್ಟಗೆ ಹರಿದಿದ್ದೇ ಇಲ್ಲ. ಅದರ ಹೆಸರಿಂದಾನೇ ಈ ಪದ ಬಂತು."

"ನಮ್ಮ ಹದಿನೆಂಟನೇ ನಂಬರ್ ಬಸ್ಸಿನ ಥರ."

"ಹೂಂ, ಹಂಗೇ."

"ಕೊನೆಗೆ ಸಮುದ್ರ ಸೇರ್ತಾ?"

"ಸೇರ್ತು."

"ಮತ್ತೆ ನಾನು ಸೊಟ್ಟ ನಡೀತೀನಿ ಅಂತ ನಿಮ್ಮಜ್ಜಿ ಯಾಕೆ ನಗ್ತಾಳೆ? ತಗೋ, ಈ ಕೋಲು ಹಿಡ್ಕೋ."

"ಆಪರೇಷನ್ ಆದ್ಮೇಲೆ ಕೋಲಿಲ್ದೆ ನೀನು ಇದುವರೆಗೂ ಒಂದು ಹೆಜ್ಜೆನೂ ಇಟ್ಟಿಲ್ಲ."

"ಕೋಲು ಬಿಟ್ಟು ನಡೀರಿ ಅಂತ ಡಾಕ್ಟರು ಹೇಳಿ ವಾರ ಆಯ್ತು. ನನಗೇ ಧೈರ್ಯ ಬಂದಿರ್ಲಿಲ್ಲ."

ಒಳಗಿನಿಂದ ಕರೆ ಬಂತು. ತಾತ ಎದ್ದು, ಕುರ್ಚಿಗಳನ್ನು ಬಳಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಹೊರಟರು. ಟೈಲರಮ್ಮ ಉಸಿರು ಬಿಗಿಹಿಡಿದು ತನ್ನ ಕಾಲುಗಳನ್ನು ಒಳಗೆಳೆದುಕೊಂಡಳು.

"ಎಷ್ಟು ಹೆಜ್ಜೆ ಆಯ್ತೇ?"

"ಹನ್ನೊಂದು. ಮಾತಾಡ್ಬೇಡ, ನಡಿ ತಾತ."

ಇಬ್ಬರೂ ನಗುನಗುತ್ತಲೇ ಬಾಗಿಲು ದಾಟಿದರು.