ಕೇಳಿಸಲಿಲ್ಲ ಎಂದವಳು

೨೦೦೯ರ ಫೆಬ್ರವರಿಯ ಒಂದು ಸಂಜೆ ಸ್ವೀಡನ್ನಿನ ವೆಸ್ಟೆರಾಸ್ ಸ್ಟೇಷನ್ನಿನಲ್ಲಿ ನಾನು ರೈಲಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುವ, ನನಗೆ ಮುಖಪರಿಚಯವಿದ್ದ ನಿವೇದಿತಾ ತನಗಿಂತ ಹಿರಿಯ ಗೆಳತಿಯೊಂದಿಗೆ ಮಾತಾಡುತ್ತಿದ್ದಳು.

“ನಮ್ ಸ್ಕೂಲ್ ಟೀಚರ್ ಡೆಬೋರಾ ಯಹೂದಿ ಅಂತ ಹುಡುಗ್ರು ಕ್ಲಾಸಲ್ಲೇ ಹೊಲಸಾಗಿ ಬೈದ್ರು, ಶೋಭನಕ್ಕ. ನಾನು ಬಾಗಿಲಲ್ಲೇ ನಿಂತಿದ್ದೆ.”

“ಪ್ರಿನ್ಸಿಪಾಲ್ ನಿನ್ನ ಕೇಳ್ಲಿಲ್ವಾ?”

“ಕೇಳಿದ್ರು. ನಂಗೇನೂ ಕೇಳಿಸ್ಲಿಲ್ಲ ಅಂದ್ಬಿಟ್ಟೆ. ನಂದು ಟೆಂಪರರಿ ಕೆಲ್ಸ ಅಲ್ವಾ, ಭಯ ಆಯ್ತು.”

“ಪಾಪ, ಅವಳು ಒಬ್ಳೇ ಆಗ್ಬಿಟ್ಳಲ್ಲ.”

“ಇಲ್ಲ, ಸುತ್ತಲ ಊರುಗಳ ಯಹೂದಿ ಟೀಚರ್‌ಗಳೇ ಸೇರಿ ಒಂದು ಗುಂಪು ಮಾಡ್ಕೊಂಡಿದಾರೆ, ಕಷ್ಟಕ್ಕೆ ಒಬ್ಬರಿಗೊಬ್ಬರು ಆಗ್ತಾರೆ. ಅವರಲ್ಲೊಬ್ರು ಎಸ್ಕಿಲ್‌ಸ್ಟುನಾದಿಂದ ಬಂದು ಪ್ರಿನ್ಸಿಪಾಲ್ ಕರೆದ ಮೀಟಿಂಗಲ್ಲಿ ಅವಳ ಪಕ್ಕ ಕೂತ್ರು. ಗುರುತು ಪರಿಚಯ ಇಲ್ದವರು! ನಾನು ಪಕ್ಕದ ರೂಮಲ್ಲೇ ಇದ್ದೆ.”

“ಅವಳಿಗೆ ನಿನ್ಮೇಲೆ ಕೋಪಾನಾ?”

“ಕೋಪ ಮಾಡ್ಕೊಂಡಿದ್ರೆ ವಾಸಿ ಇತ್ತು. ಇವತ್ತೂ ಫೀಕಾ ಬ್ರೇಕಲ್ಲಿ ನಂಗೆ ಕಾಫಿ ತಂದ್ಕೊಟ್ಳು.”

“ನಾಳೆ ಹೋಗಿ ನಿಜ ಹೇಳ್ಬಿಡು.”

“ಹೇಳಿದ್ರೆ, ಮೊದ್ಲು ಹೇಳಿದ್ದು ಸುಳ್ಳು ಅಂತಾಗತ್ತಲ್ಲ ಅಕ್ಕ?”

“ಸುಳ್ಳೇ ತಾನೇ?”

ಅಷ್ಟರಲ್ಲಿ ರೈಲು ಬಂತು, ಶೋಭನಕ್ಕ ಹತ್ತಿದರು.

“ನೀವು ಹೋಗಿ ಅಕ್ಕ. ಪ್ರಿನ್ಸಿಪಾಲ್‌ಗಿಂತ ಮೊದ್ಲು ಡೆಬೋರಾಗೆ ಹೇಳ್ಬೇಕು, ಈಗ್ಲೇ ಅವಳ ಮನೆಗೆ ಹೋಗ್ತೀನಿ,” ಎಂದು ನಿವೇದಿತಾ ಮತ್ತೆ ಪೇಟೆಯ ಕಡೆ ನಡೆದಳು.