ತಂತಿಯ ಇನ್ನೊಂದು ತುದಿ

ಆ ಬಾವಿಯ ಹತ್ತಿರ ಬಂದಾಗ ಅವಳ ತಲೆಯಲ್ಲಿ ದೆವ್ವದ ಯೋಚನೆಯೇ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು… ಏಕೆಂದರೆ ಕೇಳಿದವರೆಲ್ಲ, "ಹೆದರಿದ್ದಳು, ಅದಕ್ಕೇ ಏನೇನೋ ಕೇಳಿಸಿತು" ಅಂದುಬಿಡುತ್ತಾರೆ. ಅವಳು ಹೆದರಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಮನೆಯ ಹಿಂದಿನ ಮನೆಯವಳು. ಕಾರಿನ ಗಾಜು ಕೂರಿಸುವ ಕೆಲಸ. ಅವಳ ಅಣ್ಣ ಅವಳನ್ನು ತಂಗಿ ಅಂತ ಕರೆಯುತ್ತಿದ್ದದ್ದು ಕೇಳಿ ಕೇಳಿ, ಬೀದಿಯ ಮಕ್ಕಳಿಗೂ ಅವಳು ತಂಗಿಯೇ. ತಲೆ ಅರ್ಧ ನೆರೆತಿದೆ, ಆದರೂ ತಂಗಿ.

ಆ ರಾತ್ರಿ ಅಂಗಡಿಯ ಷಟರ್ ಎಳೆದು, ಬೀಗ ಹಾಕಿ, ಶೆಡ್ಡಿನ ಹಿಂದಿನ ಓಣಿಯಲ್ಲಿ ಮನೆಗೆ ನಡೆದುಕೊಂಡು ಹೊರಟಿದ್ದಳು. ಅಲ್ಲೊಂದು ಹಳೆಯ ಬಾವಿ. ಯಾರೂ ಬೀಳದಿರಲಿ ಅಂತ ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಕೋಪದಲ್ಲಿ ಕಾಲಿಗೆ ಸಿಕ್ಕಿದ ಕಲ್ಲೊಂದನ್ನು ಒದ್ದಳು. ಕಲ್ಲು ಜಾಲರಿಗೆ 'ಠಣ್' ಅಂತ ಬಡಿದು ಒಳಕ್ಕೆ ಬಿತ್ತು. 'ಗುಳುಂ' ಅನ್ನುವುದನ್ನು ಕಾದಳು…

ಅನ್ನಲಿಲ್ಲ.

ಅದರ ಬದಲು ಹಿಂದಿನಿಂದ, ಬೀಗ ಹಾಕಿ ಬಂದ ಶೆಡ್ಡಿನೊಳಗಿನಿಂದ, ಉಗುರಿನಿಂದ ಗಾಜು ತಟ್ಟಿದ ಸದ್ದು.

ಟಿಕ್… ಟಿಕ್.

ಆ ಸದ್ದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಅಂದರೆ, ಇಷ್ಟು ವರ್ಷ ಅದನ್ನು ಮಾಡುತ್ತಿದ್ದವಳೇ ಅವಳು.

ಆ ಅಣ್ಣತಂಗಿಯರ ಕೆಲಸ ಹೇಗಿತ್ತೆಂದು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾರಿನ ಮುಂದಿನ ಗಾಜು ಸುತ್ತಲೂ ಕಪ್ಪು ಅಂಟಿನಿಂದ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಅಂಟಿನಲ್ಲೊಂದು ತೂತು ಮಾಡಿ, ಸಣ್ಣ ಉಕ್ಕಿನ ತಂತಿ ತೂರಿಸುತ್ತಾರೆ. ಎರಡು ತುದಿಗೂ ಗಂಟು ಹಾಕಿದ ಮರದ ಹಿಡಿ. ಒಬ್ಬರು ಕಾರಿನ ಒಳಗೆ, ಒಬ್ಬರು ಹೊರಗೆ. ಇವರು ಎಳೆದಾಗ ಅವರು ಬಿಡಬೇಕು, ಅವರು ಎಳೆದಾಗ ಇವರು ಬಿಡಬೇಕು. ತಂತಿ ಗರಗಸದ ಹಾಗೆ ಅಂಟನ್ನು ಕೊಯ್ಯುತ್ತಾ ಹೋಗುತ್ತದೆ. ಇಬ್ಬರೂ ಒಟ್ಟಿಗೆ ಎಳೆದರೆ ತಂತಿ ತುಂಡಾಗುತ್ತದೆ. ಗಾಜಿನ ಅಂಚಿಗೆ ಒತ್ತಿದರೆ ಗಾಜು ಸೀಳುತ್ತದೆ.

ಅಣ್ಣ ಆನೆಯಂಥ ಆಳು. ಸ್ಟೀರಿಂಗ್ ಹಿಂದೆ ಅವನ ಹೊಟ್ಟೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಒಳಗೆ ಯಾವಾಗಲೂ ತಂಗಿ, ಹೊರಗೆ ಯಾವಾಗಲೂ ಅಣ್ಣ. ಅವಳು ಒಳಗಿನಿಂದ ಎರಡು ಸಲ ತಟ್ಟಿದರೆ 'ನಾನು ತಯಾರು, ಎಳಿ' ಅಂತ. ಒಂದು ಸಲ ತಟ್ಟಿದರೆ 'ನಿಲ್ಲಿಸು'. ತಡವಾಗಿ ತಟ್ಟಿದರೆ ಹೊರಗಿನಿಂದ ಬೈಗುಳ: "ಒಳಗೇ ಗೊರಕೆ ಹೊಡೀತಿದೀಯೇನೇ?"

ಕಳೆದ ಬೇಸಿಗೆಯಲ್ಲಿ ಅಣ್ಣ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲಿಲ್ಲ.

ಅಂಗಡಿ ಮುಚ್ಚಿಬಿಡೋಣ ಅಂತ ಅತ್ತಿಗೆಯ ಹಟ. "ಇಬ್ಬರ ಕೆಲಸ ಕಣೇ ಅದು. ಒಬ್ಬಳೇ ಏನು ಮಾಡ್ತೀಯ? ಶೆಡ್ಡಿನ ಮಾಲೀಕರಿಗೆ ಬೀಗದ ಕೈ ಕೊಟ್ಟು ಕೈ ತೊಳ್ಕೊಳ್ಳೋಣ. ಆ ಷಟರ್ ಕಡೆ ನೋಡೋಕೂ ನನಗಾಗಲ್ಲ."

ತಂಗಿ ಒಂದೇ ಮಾತು ಕೇಳಿದ್ದಳು. "ಈ ಒಂದು ಕಾರು ನೋಡಿ, ಅತ್ತಿಗೆ. ಇದನ್ನು ಸರಿಯಾಗಿ ಕಳಿಸಿದ್ರೆ ಅಂಗಡಿ ನಂದು. ಕೆಟ್ಟರೆ ಬೀಗದ ಕೈ ನಾನೇ ತಂದುಕೊಡ್ತೀನಿ."

ಆ ಕಾರು ಹಲ್ಲಿನ ಡಾಕ್ಟರದ್ದು. ಬಟ್ಟೆಯ ಛಾವಣಿ ಮಡಚಿಕೊಂಡು ಹಿಂದಕ್ಕೆ ಹೋಗುತ್ತದಲ್ಲ, ಆ ಥರದ್ದು. ನಮ್ಮ ಬೀದಿ ಅಂಥದ್ದನ್ನು ನೋಡೇ ಇರಲಿಲ್ಲ. ಕಲ್ಲು ಸಿಡಿದು ಮುಂದಿನ ಗಾಜು ಜೇಡರ ಬಲೆಯಾಗಿತ್ತು. ಆ ಒಡೆದ ಗಾಜು ಬಿಡಿಸುವುದೇನೂ ಕಷ್ಟವಾಗಲಿಲ್ಲ. ಪಕ್ಕದ ಟೈರ್ ಅಂಗಡಿಯವನನ್ನು ಕರೆದು ಒಳಗೆ ಕೂರಿಸಿದಳು. ಹೇಗೆ ಎಳೆದರೂ ನಡೆಯಿತು, ಹೇಗೂ ಒಡೆದದ್ದೇ.

ಕಷ್ಟ ಶುರುವಾದದ್ದು ಆಮೇಲೆ. ಮೊದಲು ಬಂದ ಗಾಜಿನಲ್ಲಿ ಕನ್ನಡಿ ಕೂರಿಸುವ ಜಾಗವೇ ಬೇರೆ ಕಡೆ. ವಾಪಸ್ಸು. ಎರಡನೆಯದು ಬರುವ ಹೊತ್ತಿಗೆ ಡಾಕ್ಟರಿಂದ ದಿನಕ್ಕೆ ಹತ್ತು ಸಲ ಫೋನು. ಬಂತು, ಸರಿಯಿತ್ತು, ಅಂಟು ಹಾಕಿ ಕೂರಿಸಿದಳು. ಅಂಟು ಒಣಗಿದ ಮೇಲೆ ಪೈಪಿನಲ್ಲಿ ನೀರು ಬಿಟ್ಟು ನೋಡಿದರೆ… ಕೆಳಗಿನ ಮೂಲೆಯಿಂದ ತೊಟ್ ತೊಟ್ ಅಂತ ನೀರು, ನೇರ ಚರ್ಮದ ಸೀಟಿನ ಮೇಲೆ.

ಸೀಟು ಒರೆಸಿದಳು. ಮೂಲೆಯನ್ನು ಮುಟ್ಟಿ ನೋಡಿದಳು. ಅಂಟು ಎಲ್ಲ ಕಡೆ ಸಮನಾಗಿ ಹಾಕಿದ್ದಳು, ಅಣ್ಣ ಹಾಕುತ್ತಿದ್ದ ಹಾಗೇ. ಎಲ್ಲಿ ತಪ್ಪಿತು? ಗೊತ್ತಾಗಲಿಲ್ಲ.

"ಏನಮ್ಮಾ," ಅಂದರು ಡಾಕ್ಟರು ಫೋನಿನಲ್ಲಿ, "ಮಳೆ ಬಂದ್ರೆ ಒಂದು ಕೈಲಿ ಛತ್ರಿ ಹಿಡ್ಕೊಂಡು ಓಡಿಸ್ಲಾ? ನಾಳೆ ಸಂಜೆಗೆ ಆಗಲಿಲ್ಲ ಅಂದ್ರೆ ಎಳ್ಕೊಂಡು ಹೋಗಿ ಕಂಪನಿಗೇ ಕೊಡ್ತೀನಿ."

ಅಂಥ ಗಾಜು ಮತ್ತೊಂದು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು. ಅಂದರೆ ಇದೇ ಗಾಜನ್ನು ಒಡೆಯದೆ ಬಿಡಿಸಿ, ಮತ್ತೆ ಕೂರಿಸಬೇಕು. ಹೋದ ಸಲದ ಹಾಗೇ ಕಾರಿನ ಬ್ಯಾಟರಿ ಬಿಚ್ಚಿ ಮೇಜಿನ ಮೇಲಿಟ್ಟಳು. ದುಬಾರಿ ಕಾರುಗಳ ಗಾಜಿಗೆ ಎಷ್ಟೋ ಸಣ್ಣ ವೈರುಗಳು ಅಂಟಿಕೊಂಡಿರುತ್ತವೆ, ಬ್ಯಾಟರಿ ಬಿಚ್ಚದೆ ಅಣ್ಣ ಗಾಜು ಮುಟ್ಟುತ್ತಿರಲಿಲ್ಲ. ಟೈರ್ ಅಂಗಡಿಯವನನ್ನು ಮತ್ತೆ ಕರೆದಳು.

"ನಾನು ಎಳೆದಾಗ ನೀನು ಬಿಡು."

"ಬಿಡ್ತಾನೇ ಇದೀನಲ್ಲ, ಅಕ್ಕಾ."

"ಬಿಡ್ತಿಲ್ಲ! ಹಗ್ಗ ಜಗ್ಗಾಟ ಆಡ್ತಿದೀಯ!"

ತಂತಿ 'ಟಣ್' ಅಂತ ತುಂಡಾಯಿತು. ಹೊಸದು ಹಾಕಿದರು. ಅದೂ ಹೋಯಿತು. ಮೂರನೆಯದು ಹಾಕಿ ಎಳೆದರೆ ಗಾಜೇ 'ಕಿರ್‍ರ್…' ಅಂತ ನರಳಿತು. ಅವಳು ಹಿಡಿ ಬಿಟ್ಟುಬಿಟ್ಟಳು.

"ಇಳಿ ಕೆಳಗೆ. ಇಳಿ. ಹೋಗು ನಿನ್ನ ಟೈರಿಗೆ ಗಾಳಿ ಹೊಡ್ಕೋ."

ಅವನು ಗೊಣಗುತ್ತಾ ಹೋದ. ತಂತಿ ಅಂಟಿನಲ್ಲೇ ಉಳಿಯಿತು. ಒಂದು ಹಿಡಿ ಒಳಗೆ ಸೀಟಿನ ಮೇಲೆ, ಒಂದು ಹಿಡಿ ಹೊರಗೆ ಬಾನೆಟ್ಟಿನ ಮೇಲೆ. ಬಹಳ ಹೊತ್ತು ಅದನ್ನೇ ನೋಡುತ್ತಾ ಕುಳಿತಿದ್ದು, ಕೊನೆಗೆ ಬೀಗ ಹಾಕಿ ಹೊರಟಿದ್ದಳು. ಆಗಲೇ ಬಾವಿ. ಆಗಲೇ ಆ ಸದ್ದು.

ಟಿಕ್… ಟಿಕ್.

ವಾಪಸ್ಸು ಬಂದಳು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದಳು. ಷಟರ್ 'ಗರ್‍ರ್' ಎಂದು ಮೇಲೆ ಹೋಯಿತು. ದೀಪ ಹಾಕಿದಳು. ದೀಪ ಸರಿಯಾಗಿಯೇ ಹತ್ತಿತು. ಆದರೆ ಟ್ಯೂಬ್‌ಲೈಟು ಗಾಜಿನ ಮೇಲೆ ಉದ್ದಕ್ಕೆ ಹೊಳೆಯುತ್ತಿತ್ತು, ಒಳಗಿರುವುದೇನೂ ಕಾಣುತ್ತಿರಲಿಲ್ಲ.

"ಯಾರದು?" ಪಿಸುಮಾತಿನಲ್ಲಿ ಕೇಳಿದಳು.

ಒಂದು ಹೆಜ್ಜೆ ಒಳಗಿಟ್ಟಳು.

"ಟೈರ್‌ನವನಾ? ನಿನ್ನ ಚೇಷ್ಟೆ ಆಗಿದ್ರೆ ನೋಡು…"

ಟಿಕ್… ಟಿಕ್.

"ಅಣ್ಣಾ… ನೀನಾ?"

ಬೇರೆ ಯಾರಾದರೂ ಆಗಿದ್ದರೆ ಓಡಿಹೋಗುತ್ತಿದ್ದರು. ಇವಳಿಗೆ ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಇಷ್ಟು ದಿನ ಎಲ್ಲಿ ಸತ್ತಿದ್ದೆ?" ಅಂದುಬಿಟ್ಟಳು. ಅಂದವಳೇ ನಾಲಗೆ ಕಚ್ಚಿಕೊಂಡಳು.

ಹೊರಗಿನ ಹಿಡಿಯನ್ನು ಕೈಗೆ ತೆಗೆದುಕೊಂಡಳು. ಎಳೆದಳು. ತಂತಿ ಹಗುರವಾಗಿ ಬಂತು… ಆ ಕಡೆಯಿಂದ ಯಾರೋ ಬಿಟ್ಟುಕೊಟ್ಟ ಹಾಗೆ. ಅವಳ ಕೈ ಚಾಚುವಷ್ಟು ಬಂದು ನಿಂತಿತು. ಆಮೇಲೆ, ನಿಧಾನಕ್ಕೆ, ತಂತಿ ಒಳಕ್ಕೆ ಹೋಗತೊಡಗಿತು. ಅವಳು ಎಳೆಯಲಿಲ್ಲ, ತಡೆಯಲಿಲ್ಲ. ಬಿಟ್ಟಳು.

ಸರ್‍ರ್… ಸರ್‍ರ್… ಸರ್‍ರ್…

ಮೇಲಿನ ಅಂಚು ಮುಗಿಯಿತು. ಎರಡೂ ಪಕ್ಕದ ಅಂಚು ಮುಗಿದವು, ಕೆಳಗಿನದೂ ಮುಗಿಯುತ್ತ ಬಂತು. ಒಂದೇ ಒಂದು ಸಲವೂ ತಂತಿ ಸಿಕ್ಕಿಕೊಳ್ಳಲಿಲ್ಲ, ಗಾಜು ನರಳಲಿಲ್ಲ. ಅವಳ ಬೆನ್ನು ಬೆವರಿನಿಂದ ಒದ್ದೆ. ಗಾಜಿನತ್ತ ಬಗ್ಗಿ, ಬೆಳಕಿಗೆ ಕೈ ಅಡ್ಡ ಹಿಡಿದು ನೋಡಿದ್ದರೆ ಒಳಗೆ ಕಾಣಿಸುತ್ತಿತ್ತು. ಅವಳು ಬಗ್ಗಲಿಲ್ಲ. "ಯಾಕೆ ನೋಡಲಿಲ್ಲ?" ಅಂತ ಕೇಳಿದರೆ ಇವತ್ತಿಗೂ ಒಂದೇ ಉತ್ತರ: "ನೋಡಿ ಯಾರೂ ಇಲ್ಲದೇ ಇದ್ದಿದ್ರೆ?"

ಕೊನೆಗೆ, ನೀರು ಸೋರುತ್ತಿದ್ದ ಕೆಳಮೂಲೆಗೆ ಬಂದಾಗ ಸದ್ದು ಬದಲಾಯಿತು. 'ಸರ್‍ರ್' ಹೋಗಿ 'ಸುಂಯ್' ಆಯಿತು. ಕೊಯ್ಯಲು ಅಲ್ಲಿ ಅಂಟೇ ಹಿಡಿದಿರಲಿಲ್ಲ.

ಟಿಕ್.

ಒಂದೇ ಸಲ. ನಿಲ್ಲಿಸು.

ನಿಲ್ಲಿಸಿದಳು. ಬಗ್ಗಿ ಮೂಲೆ ನೋಡಿದಳು. ಅಂಟು ಹೊರಕ್ಕೆ ಉಬ್ಬಿ ನಿಂತಿತ್ತು, ಹಸಿಯಿದ್ದಾಗಲೇ ಒಳಗಿನಿಂದ ಯಾರೋ ಉಫ್ ಅಂತ ಊದಿದ ಹಾಗೆ. ಬಿರುಕು ಅಲ್ಲೇ. ಆದರೆ ಊದಿದ್ದು ಏನು? ತುಂಬ ಹೊತ್ತು ನೋಡಿದಳು. "ಇದು ಹೇಗಾಯ್ತು, ಅಣ್ಣಾ? ಹೇಳು," ಅಂದಳು. "ತೋರಿಸಿದೀಯ, ಹೇಳು."

ಮತ್ತೆ ಸದ್ದು ಬರಲಿಲ್ಲ. ಹಿಡಿಯನ್ನು ಎಳೆದು ನೋಡಿದಳು. ತಂತಿ ಸುಮ್ಮನೆ ಪೂರ್ತಿ ಹೊರಗೆ ಬಂದುಬಿಟ್ಟಿತು… ಒಳಗಿನ ಹಿಡಿಯಿಂದ ಯಾರೋ ಗಂಟು ಬಿಚ್ಚಿದ್ದರು.

ಬೆಳಿಗ್ಗೆ ಅತ್ತಿಗೆ ಬಂದರು, ಸೆರಗಿನ ಗಂಟಿನಲ್ಲಿ ಅಂಗಡಿಯ ಇನ್ನೊಂದು ಬೀಗದ ಕೈ ಕಟ್ಟಿಕೊಂಡು. ಟೈರ್ ಅಂಗಡಿಯವನೂ ಬಂದ, ಮುನಿಸು ಮರೆತು. ಗಾಜಿಗೆ ರಬ್ಬರಿನ ಬಟ್ಟಲು ಹಿಡಿಗಳನ್ನು 'ಪಚಕ್' ಅಂತ ಕಚ್ಚಿಸಿ ಇಬ್ಬರೂ ಎತ್ತಿದರು. ಇಡೀ ಗಾಜು ಬಂತು, ಒಂದು ಗೀರೂ ಇಲ್ಲದೆ.

"ರಾತ್ರಿ ಒಬ್ಬಳೇ ಹೇಗೆ ಕೊಯ್ದೆ?" ಅತ್ತಿಗೆ ಕೇಳಿದರು.

"ಹೇಗೋ," ಅಂದಳು ತಂಗಿ.

ಹಳೆಯ ಅಂಟು ಕೆರೆದು, ಒರೆಸಿ, ಹೊಸ ಅಂಟು ಹಾಕಿ, ಗಾಜು ಕೂರಿಸಿ, ಟೇಪು ಅಂಟಿಸಿದರು. ಛಾವಣಿಯ ಬಟ್ಟೆ ಬಿಗಿಯಾಗಿ ಮುಚ್ಚಿತ್ತು. ಎರಡೂ ಬಾಗಿಲಿನ ಗಾಜು ಮೇಲೆ ಏರಿಸಿತ್ತು, ದೂಳು ಬೀಳಬಾರದು ಅಂತ. ಇನ್ನು ಉಳಿದದ್ದು ತೆರೆದಿದ್ದ ಒಂದು ಬಾಗಿಲು ಹಾಕುವುದು. ಹೋದ ಸಲವೂ ಅವಳೇ ಹಾಕಿದ್ದಳು, ಕೆಲಸ ಮುಗಿದ ಖುಷಿಯಲ್ಲಿ ಜೋರಾಗಿ. 'ಗುಮ್' ಅಂದಿತ್ತು.

ಅಣ್ಣ ಇದ್ದಾಗ ಬಾಗಿಲು ಅವಳ ಪಾಲಿನ ಕೆಲಸವಲ್ಲ. ಗಾಜು ಕೂತ ಕೂಡಲೇ ಅವಳು ಒಳಗಿನಿಂದ ಇಳಿದು, ಕೈಗೆ ಹತ್ತಿದ ಕಪ್ಪು ತೊಳೆಯಲು ಹಿಂದಿನ ನಲ್ಲಿಗೆ ಹೋಗುತ್ತಿದ್ದಳು. ಬರುವ ಹೊತ್ತಿಗೆ ಅಣ್ಣ ಎಲ್ಲ ಮುಚ್ಚಿರುತ್ತಿದ್ದ. ಹೇಗೆ ಮುಚ್ಚುತ್ತಿದ್ದ ಅಂತ ಅವಳು ನೋಡಿದವಳೇ ಅಲ್ಲ.

ಬಾಗಿಲಿನ ಮೇಲೆ ಕೈ ಇಟ್ಟಳು. ತಳ್ಳಬೇಕು…

ಝುಯ್ಯ್.

ಬಾಗಿಲಿನ ಗಾಜು ಕೆಳಗಿಳಿಯಿತು. ಬೆರಳಷ್ಟು. ನಿಂತಿತು.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಆಮೇಲೆ, ಬಹಳ ಸಣ್ಣ ದನಿಯಲ್ಲಿ ಹೇಳಿದರು. "ನಿಮ್ಮಣ್ಣ… ಯಾರ ಕಾರಲ್ಲಿ ಹೋದ್ರೂ ಇಳಿಯೋವಾಗ ಕಿಟಕಿ ಹೀಗೇ ಬೆರಳಷ್ಟು ಇಳಿಸೋರು. ಆಮೇಲೇ ಬಾಗಿಲು ಹಾಕೋರು. ಅದೇನು ಹುಚ್ಚು, ಸೊಳ್ಳೆ ಒಳಗೆ ಬರುತ್ತೆ ಅಂತ ನಾನು ಬೈತಿದ್ದೆ. 'ಒಳಗಿನ ಗಾಳಿಗೆ ಹೋಗೋಕೆ ದಾರಿ ಬೇಕು ಕಣೇ, ಇಲ್ಲಾಂದ್ರೆ ಗಾಜನ್ನೇ ತಳ್ಳುತ್ತೆ' ಅನ್ನೋರು. ಕೆಲಸದ ಅಭ್ಯಾಸ ಅಂತೆ."

ತಂಗಿ ಬಾಗಿಲನ್ನು ಮೆಲ್ಲಗೆ ತಳ್ಳಿದಳು. 'ಗುಮ್' ಅನ್ನಲಿಲ್ಲ. 'ಟಪ್' ಅಂತ ಮುಚ್ಚಿತು. ಮುಂದಿನ ಗಾಜು ಅಲುಗಲಿಲ್ಲ. ಅವಳು ಹಾಗೇ ಆ ಬಾಗಿಲಿಗೆ ಹಣೆ ಇಟ್ಟು ನಿಂತುಬಿಟ್ಟಳು.

ಸಂಜೆ ಅಂಟು ಬಿಗಿದ ಮೇಲೆ ನೀರು ಹೊಯ್ದದ್ದು ಅತ್ತಿಗೆಯೇ, ಬಕೆಟ್ಟಿನ ಮೇಲೆ ಬಕೆಟ್ಟು, ಹಗೆ ತೀರಿಸಿಕೊಳ್ಳುವವರ ಹಾಗೆ. ಆ ಮೂಲೆಯ ಕೆಳಗೆ ಹಿಡಿದ ಬಟ್ಟೆ ಒಣಗಿಯೇ ಇತ್ತು. ಅವರು ಸೆರಗಿನ ಗಂಟು ಬಿಚ್ಚಿ, ಬೀಗದ ಕೈಯನ್ನು ಗೋಡೆಯ ಮೊಳೆಗೆ ನೇತುಹಾಕಿ ಮನೆಗೆ ಹೋದರು. ಅದು ಈಗಲೂ ಅಲ್ಲೇ ನೇತಾಡುತ್ತಿದೆ. ಅಂಗಡಿಯೂ ನಡೆಯುತ್ತಿದೆ.

ಟೈರ್ ಅಂಗಡಿಯವನು ಮಾತ್ರ ಒಪ್ಪುವುದಿಲ್ಲ. ಹೋದ ವಾರವೂ ನಮ್ಮ ಜಗಲಿಯ ಮೇಲೆ ಕುಳಿತು ವಾದ ಮಾಡಿದ. "ಅಂಥಾ ಕಾರುಗಳ ಕಿಟಕಿ ತಾನಾಗೇ ಇಳಿಯುತ್ತೆ, ಅಕ್ಕಾ. ಬಾಗಿಲು ತೆಗೆದ್ರೆ ಸಾಕು, ಬೆರಳಷ್ಟು ಇಳಿಯುತ್ತೆ. ಅದು ಕರೆಂಟಿನ ಆಟ. ದೆವ್ವವೂ ಇಲ್ಲ, ಗಿವ್ವವೂ ಇಲ್ಲ."

ತಂಗಿ ಅವನನ್ನು ಸುಮ್ಮನೆ ನೋಡಿದಳು. ಅವನೇ ತಲೆ ತಗ್ಗಿಸಿದ. ಏಕೆಂದರೆ ಆ ದಿನ ಸಂಜೆ ನೀರು ಹೊಯ್ದಾದ ಮೇಲೆ, ಅಲ್ಲಿಯವರೆಗೂ ಮೇಜಿನ ಮೇಲೇ ಇದ್ದ ಬ್ಯಾಟರಿಯನ್ನು ಎತ್ತಿ ತಂದು ಕಾರಿಗೆ ಹಾಕಿದವನು ಅವನೇ.