ತೇವದ ಖಾನೆಯಲ್ಲಿ ತುಂಬಿದ ಅಂಕಿ

ಸಭೆಯ ಅಧ್ಯಕ್ಷರೂ ನನ್ನ ಕಾರ್ಖಾನೆಯ ಯಜಮಾನರೂ ಆದ ಹಜ್ ಬದ್ರಾವಿಯವರೇ, ಕೈರೋದಿಂದ ಬಂದು ಬೆಳಗಿನಿಂದ ನಮ್ಮ ಊರಿನ ಮುಶಬ್ಬಕ್ ಮಿಠಾಯಿಯನ್ನು ಬೇಡವೆನ್ನಲಾಗದೆ ತಿನ್ನುತ್ತಿರುವ ಅತಿಥಿಗಳೇ, ದಮಿಯತ್ತಾದ ಪೀಠೋಪಕರಣ ತಯಾರಕರ ಸಂಘದ ಹಿರಿಯರೇ, ಚಹಾ ಬಂತೇ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಈ ಸನ್ಮಾನದ ಫಲಕಕ್ಕೆಂದು ಕರೆದು ನನ್ನನ್ನು ಪರಿಚಯಿಸಿದವರು ಬಹಳ ಒಳ್ಳೆಯ ಮಾತುಗಳನ್ನಾಡಿದರು. ಇಂಜಿನಿಯರ್ ಮುಶೀರಾ ಅವರ ಕಂಪ್ಯೂಟರ್ ತಪ್ಪುವುದೇ ಇಲ್ಲ, ಅಚ್ಚು ಕೊರೆಯುವ ಮೊದಲೇ ಕುರ್ಚಿ ಹೇಗೆ ಬರುತ್ತದೆಂದು ತೆರೆಯ ಮೇಲೆ ತೋರಿಸಿಬಿಡುತ್ತಾರೆ ಎಂದರು. ಆಮೇಲೆ, ಕಳೆದ ಚಳಿಗಾಲದಲ್ಲಿ ಮುರಿದ ಕುರ್ಚಿಗಳು ‘ಒಬ್ಬ ಬೇಜವಾಬ್ದಾರಿ ಕೆಲಸಗಾರನ ಕೃಪೆ’ ಎಂದರು. ನೀವೆಲ್ಲ ನಕ್ಕಿರಿ. ಯಾಕೆ ನಕ್ಕಿರಿ? ಆ ಮನುಷ್ಯನನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ನನಗಂತೂ ಮೈಯೆಲ್ಲ ಉರಿಯಿತು. ನಾನು ಬರೆದು ತಂದ ಭಾಷಣ ಮೆತ್ತಗಿತ್ತು. ಅದು ಚೀಲದಲ್ಲೇ ಇರಲಿ.

ಆ ಕೆಲಸಗಾರನಿಗೆ ಒಂದು ಹೆಸರಿದೆ. ಉಸ್ತಾ ಶೆಹಾತಾ. ಪಳಗಿದ ಮೇಸ್ತ್ರಿಯನ್ನು ಮಾತ್ರ ನಾವು ‘ಉಸ್ತಾ’ ಎನ್ನುತ್ತೇವೆ, ನೆನಪಿರಲಿ. ನಿಮ್ಮ ಗರಗಸಗಳ ಕೆಳಗೆ ಬಿದ್ದ ಬೀಚ್ ಮರದ ಹೊಟ್ಟನ್ನು ನುಣ್ಣಗೆ ಅರೆದು, ಪ್ಲಾಸ್ಟಿಕ್ಕಿನ ಜೊತೆ ಕರಗಿಸಿ, ಅಚ್ಚಿನೊಳಗೆ ಒತ್ತಿ ನಾವು ಕುರ್ಚಿ ಮಾಡುತ್ತೇವೆ. ಆ ಪುಡಿಯನ್ನು ಇಪ್ಪತ್ತಾರು ವರ್ಷ ಒಣಗಿಸಿದವರು ಅವರು. ಪುಡಿಯಲ್ಲಿ ತೇವ ಉಳಿದರೆ ಬಿಸಿಗೆ ಆವಿಯಾಗುತ್ತದೆ, ಕುರ್ಚಿಯ ಕಾಲಿನೊಳಗೆ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ದಿನಾ ಬೆಳಗ್ಗೆ ಒಂದು ಬಟ್ಟಲು ಪುಡಿ ತೂಗಿ, ಒಲೆಯಲ್ಲಿಟ್ಟು, ಮತ್ತೆ ತೂಗಿ, ತೇವ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ನನಗೆ ಕೊಡುತ್ತಿದ್ದರು.

ಆ ದಿನ ಚೀಟಿ ಕೊಡುತ್ತಾ ಅವರು ಹೇಳಿದ್ದು ಇಷ್ಟು: “ಇಂಜಿನಿಯರಮ್ಮ, ಇದು ನಮ್ಮೂರ ಸರೋವರದ ಹಸಿ ಗಾಳಿ ಚೆನ್ನಾಗಿ ಕುಡಿದದೆ. ನೂರಕ್ಕೆ ಎರಡೂವರೆ ನೀರದೆ. ಇನ್ನೊಂದು ದಿನ ಒಣಗಿಸ್ದೆ ಯಂತ್ರಕ್ಕೆ ಹಾಕಿದ್ರೆ ಕಾಲು ಸೀಳೋದು ಗ್ಯಾರಂಟಿ.”

ನಾನು ಆ ಅಂಕಿಯನ್ನು ಕಂಪ್ಯೂಟರಿಗೆ ಹಾಕಿದೆ. ಆಸನದ ಕೆಳಗೆ, ಕರಗಿದ ವಸ್ತುವಿನ ಎರಡು ಹರಿವುಗಳು ಬಂದು ಕೂಡುವ ಜಾಗವೆಲ್ಲ ಕೆಂಪಾಯಿತು. ಕೆಂಪು ಎಂದರೆ ಅಲ್ಲಿ ಮುರಿಯುತ್ತದೆ ಎಂದರ್ಥ. ಕಂಪ್ಯೂಟರ್ ತಪ್ಪಿತೇ? ಇಲ್ಲ. ಶೆಹಾತಾ ತಪ್ಪಿದರೇ? ಇಲ್ಲ.

ಆಗ ಹಜ್ ಅವರು ಬಂದರು. ಗುರುವಾರ ದೊಡ್ಡ ಖರೀದಿದಾರರು ಬರುವವರಿದ್ದರು.

“ಏನಮ್ಮ ಇದು, ಕುರ್ಚಿನೋ ಟೊಮೇಟೊ ಸಾರೋ? ಕಂಪ್ಯೂಟರ್ ಜೊತೆ ಬಂದ ಆ ಹೊರದೇಶದ ಪಟ್ಟೀಲಿ ತೇವ ಎಷ್ಟು ಅಂತ ಇದೆ?”

“ನೂರಕ್ಕೆ ಅರ್ಧ, ಹಜ್. ಆದ್ರೆ ಅದು ಅವ್ರು ಒಣಗ್ಸಿದ ಪೈನ್ ಮರದ್ದು.”

“ಅವ್ರಿಗಿಂತ ನಮ್ಮ ಶೆಹಾತಾ ಮೇಧಾವೀನಾ? ಅದನ್ನೇ ಹಾಕು ಮಗಳೇ. ಬಂದೋರು ಹಸಿರು ನೋಡ್ಲಿ.”

ಹಜ್, ಕೂತುಕೊಳ್ಳಿ. ಮೈಕು ಇನ್ನೂ ನನ್ನ ಕೈಯಲ್ಲಿದೆ.

ಹನ್ನೊಂದು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ ಅಚ್ಚು ಕೊರೆಯುವವರೆಲ್ಲ ನನ್ನ ಕೋಣೆಗೆ ‘ಬ್ಯೂಟಿ ಪಾರ್ಲರ್’ ಎಂದು ಹೆಸರಿಟ್ಟಿದ್ದರು. ಒಳಗೆ ಬರೀ ಬಣ್ಣ ಹಚ್ಚುತ್ತಾರಂತೆ! ಅವರಲ್ಲಿ ಕೆಲವರು ಇಲ್ಲೇ ಎರಡನೇ ಸಾಲಿನಲ್ಲಿದ್ದಾರೆ, ನನ್ನ ಹೆಸರು ಕರೆದಾಗ ಚಪ್ಪಾಳೆ ಹೊಡೆದರು. ಅವರ ನಗು ನಿಲ್ಲಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹೊರಗಿನವರ ಮುಂದೆ ಒಮ್ಮೆಯೂ ನನ್ನ ತೆರೆ ಕೆಂಪಾಗಿರಲಿಲ್ಲ. ಗುರುವಾರ ಕೆಂಪಾದರೆ ಆ ನಗು ಮತ್ತೆ ಶುರುವಾಗುತ್ತದೆ ಎಂಬ ಹೆದರಿಕೆ ನನಗಿತ್ತು. ಹಜ್ ಅವರು ‘ಹಾಕು’ ಎಂದರು, ನಿಜ. ಹಾಕಿದ ಬೆರಳು ಯಾರದು? ಇಷ್ಟು ಹೊತ್ತು ಅವರ ಮೇಲೆ, ನಿಮ್ಮ ಮೇಲೆ ಕೂಗಾಡುತ್ತಿದ್ದೇನಲ್ಲ, ಇದನ್ನು ಹೇಳಲು ಬಾಯಿ ಬರದೆಯೇ ಕೂಗಾಡಿದೆನೋ ಏನೋ.

ಅರ್ಧ ಎಂದು ಹಾಕಿದೆ. ತೆರೆ ಹಸಿರಾಯಿತು. ಇನ್ನೊಂದು ದಿನ ಒಣಗಿಸಲು ಯಾರೂ ಕಾಯಲಿಲ್ಲ, ಪುಡಿ ಹಸಿಯಾಗಿಯೇ ಯಂತ್ರಕ್ಕೆ ಹೋಯಿತು.

ಮೂರೇ ವಾರದಲ್ಲಿ ಒಂದು ಮದುವೆಯ ಮನೆಯಲ್ಲಿ ವಧುವಿನ ಚಿಕ್ಕಪ್ಪ ಕುರ್ಚಿಸಮೇತ ನೆಲಕ್ಕೆ ಬಿದ್ದು ಕೈ ಮುರಿದುಕೊಂಡರು. ಮರುದಿನ ಹಜ್ ಅವರು ಕಾರ್ಖಾನೆಯಲ್ಲಿ ಎಲ್ಲರನ್ನೂ ಸೇರಿಸಿದರು. ನನ್ನ ಹಸಿರು ಚಿತ್ರವನ್ನು ಗೋಡೆಗೆ ಅಂಟಿಸಿ, “ಲೆಕ್ಕ ಸರಿಯಾಗೇ ಇದೆ, ಒಣಗಿಸೋನು ನಿದ್ದೆ ಮಾಡಿದಾನೆ” ಎಂದರು. ಶೆಹಾತಾ ಅವರ ವಿರುದ್ಧ ಇದ್ದ ಸಾಕ್ಷಿ ಅದೊಂದೇ, ನಾನು ತಯಾರಿಸಿದ ಚಿತ್ರ. ಶೆಹಾತಾ ಒಮ್ಮೆ ನನ್ನ ಕಡೆ ನೋಡಿದರು. ಅವರ ಚೀಟಿ ನನ್ನ ಮೇಜಿನೊಳಗೇ ಇತ್ತು, ನಾನು ತಲೆ ತಗ್ಗಿಸಿದೆ. ಸಂಜೆ ಅವರನ್ನು ಮನೆಗೆ ಕಳಿಸಿದರು. ಆಮೇಲೆ ಈ ಊರಿನ ಯಾವ ಕಾರ್ಖಾನೆಯೂ ಅವರನ್ನು ಒಳಗೆ ಬಿಡಲಿಲ್ಲ. ಈಗ ಇಜ್ಬತ್ ಅಲ್ ಬುರ್ಜ್ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಾರೆ. ಅವರಿಗೆ ಐವತ್ತೆಂಟು ವರ್ಷ.

ಮೊನ್ನೆ ಶುಕ್ರವಾರ ಅವರ ಮನೆಗೆ ಹೋಗಿ ತಪ್ಪಾಯಿತೆಂದು ಅತ್ತೆ. ನನ್ನ ಅಳು ಮುಗಿಯಲೆಂದು ಅವರು ಕಾದರು.

“ನನ್ನ ಮುಂದೆ ಅತ್ತು ಏನು ಬಂತಮ್ಮ? ಅಂಕಿ ಎಷ್ಟು ಅಂತ ನಂಗೊತ್ತು. ಗೊತ್ತಿಲ್ದೋರ ಮುಂದೆ ಹೋಗಿ ಹೇಳು.”

ಅದಕ್ಕೇ ನಿಮ್ಮ ಆಹ್ವಾನವನ್ನು ಒಪ್ಪಿಕೊಂಡೆ. ಫಲಕ ಮೇಜಿನ ಮೇಲೇ ಇರಲಿ, ನನಗೆ ಬೇಡ. ಇಗೋ ಅವರ ಕೈಬರಹದ ಚೀಟಿ, ಎರಡೂವರೆ ಎಂದು ಬರೆದಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ಎಲ್ಲರೂ ನೋಡಿ. ಅವರ ಹೆಸರು ಕೆಡಿಸಿದ ಮಾತನ್ನು ಒಂದೇ ಮಧ್ಯಾಹ್ನದಲ್ಲಿ ಊರೆಲ್ಲ ಹಬ್ಬಿಸಿದವರು ನೀವು. ಈ ಮಾತನ್ನೂ ಅಷ್ಟೇ ಚುರುಕಾಗಿ ಹಬ್ಬಿಸಿ.

ನಡುವೆ ಎದ್ದು ಹೋಗದೆ ಕೇಳಿದ ಎಲ್ಲರಿಗೂ ಧನ್ಯವಾದಗಳು. ನಿಮ್ಮಲ್ಲಿ ಯಾರಿಗಾದರೂ ಪುಡಿ ಒಣಗಿಸಬಲ್ಲ ಉಸ್ತಾ ಬೇಕಿದ್ದರೆ, ನಾಳೆ ಬೆಳಗ್ಗೆ ಬೇಗ ಬಂದರಿಗೆ ಹೋಗಿ. ದೋಣಿಗಳು ಬಂದ ಮೇಲೆ ಅವರ ತಲೆಯ ಮೇಲೆ ಪೆಟ್ಟಿಗೆ ಇರುತ್ತದೆ, ಮಾತನಾಡಲು ಆಗುವುದಿಲ್ಲ. ನಮಸ್ಕಾರ.